ಮೂರನೆಯ ಹಗೇವು

೧೪ ಮಾರ್ಚ್ ೧೯೯೮, ಶನಿವಾರ

ಇವತ್ತು ಬೆಳಿಗ್ಗೆ ನಮ್ಮ ಹೊಲದ ನಾಯಿಯ ಕುತ್ತಿಗೆ ಕೊಯ್ದು ನೆಲದೊಳಗೆ ಅರಿಷಿಣ ತುಂಬಿಟ್ಟ ಮೂರನೆಯ ಹಗೇವಿನ ಬಾಯಿಗಲ್ಲಿನ ಮೇಲೆ ಮಲಗಿಸಿ ಹೋಗಿದ್ದಾರೆ. ಹೊಲ ಕಾಯುವ ಆಳು ಜ್ಯೋತೆಪ್ಪ ಸೈಕಲ್ ತುಳಿದುಕೊಂಡು ಮನೆಗೆ ಬಂದು ಹೇಳಿದ. ಬಸದಿಗೆಂದು ಹೊರಟವಳು ಹಾಗೆಯೇ ರಿಕ್ಷಾ ಹತ್ತಿ ಹರಿಪುರ ರಸ್ತೆಗೆ ಹೋದೆ. ರಕ್ತ ಕಲ್ಲಿನಿಂದ ಇಳಿದು ಸುತ್ತಲಿನ ಮಣ್ಣಿನಲ್ಲಿ ಇಂಗಿತ್ತು. ಇರುವೆಗಳು ಮುತ್ತಿದ್ದವು. ಜ್ಯೋತೆಪ್ಪ ಕೊಡ ಎತ್ತಿ ನೀರು ಸುರಿಯಹೋದ. ಇರುವೆ ಸಾಯುತ್ತವೆ, ಮೊದಲು ಅವನ್ನು ಮೆಲ್ಲಗೆ ಸರಿಸು ಎಂದು ಬೈದೆ.

ಇದು ಪ್ರತಾಪನ ಕೆಲಸ. ಹೋದ ತಿಂಗಳು ಸಾಂಗಲಿ, ಮಿರಜ, ಕುಪವಾಡ ಮೂರೂ ಸೇರಿ ಮಹಾಪಾಲಿಕೆ ಆದಾಗಿನಿಂದ ಇಲ್ಲಿ ಕೂರಲು ಕಟ್ಟೆ ಇಲ್ಲದವರೆಲ್ಲ ಪ್ಲಾಟಿನ ವ್ಯಾಪಾರಿಗಳಾಗಿದ್ದಾರೆ. ಇವನು ಅವರ ಮುಂದಾಳು. ಕಳೆದ ವಾರ ಟಾಟಾ ಸುಮೋದಲ್ಲಿ ನಮ್ಮ ಮನೆಗೆ ಬಂದಿದ್ದ. ಕೂರು ಅನ್ನುವ ಮೊದಲೇ ಕೂತ. ನಿಮ್ಮದು ಹೊಲವಲ್ಲ ಆಯಿ, ಬರೀ ನಾಲ್ಕು ತೂತು, ನನಗೆ ಕೊಡಿ, ಬಂಗಲೆ ಏಳುತ್ತವೆ ಎಂದು ಮರಾಠಿಯಲ್ಲಿ ಹೇಳಿದ. ಗಡ್ಡೆ ತಿನ್ನದ ಜೈನರು ಅರಿಷಿಣದ ಗಡ್ಡೆ ಮಾರಿ ಇಷ್ಟು ದೊಡ್ಡವರಾದಿರಲ್ಲ ಎಂದು ನಕ್ಕ. ಬಾಗಿಲು ಯಾವ ಕಡೆ ಇದೆ ಎಂದು ತೋರಿಸಿದೆ. ಅದರ ಉತ್ತರ ಈ ನಾಯಿ.

ಈ ಮನೆಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ. ಅಥಣಿಯಲ್ಲಿ ಮ್ಯಾಟ್ರಿಕ್ ಮುಗಿಸಿ ಸಾಂಗಲಿಯಲ್ಲಿ ನೆಲೆಸಿದ ಸಲಗರೆಯ ಈ ಮನೆತನಕ್ಕೆ ಸೊಸೆಯಾಗಿ ಬಂದೆ. ಮಗ ಶ್ರೀಪಾಲ ಕನ್ನಡ ಆಡುತ್ತಾನೆ, ಓದುವುದಿಲ್ಲ. ಮೊಮ್ಮಗಳು ಸೋನಲ ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಆದ್ದರಿಂದ ಮನಸ್ಸಿಗೆ ಬಂದದ್ದನ್ನು ಇಲ್ಲಿ ಬರೆಯಬಹುದು.

ಸಾಂಗಲಿಯವರು ಪೇವ ಅನ್ನುವುದನ್ನು ನಾವು ಹಗೇವು ಅನ್ನುತ್ತೇವೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಕೋಣೆಯಷ್ಟು. ಈ ಮಣ್ಣಿಗೆ ಗೋಡೆ ಬೇಡ. ಕಬ್ಬಿನ ಒಣಗರಿಯ ರವದಿ ಹಾಸಿ, ಅರಿಷಿಣ ತುಂಬಿ, ಬಾಯಿಗೆ ಕಲ್ಲು ಹೇರಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಹಿಡಿಯುವುದಿಲ್ಲ. ಹುಳ ಬದುಕದ ಗಾಳಿಯಲ್ಲಿ ಮನುಷ್ಯನೂ ಬದುಕುವುದಿಲ್ಲ. ನಾನು ಮದುವೆಯಾಗಿ ಬಂದ ವರ್ಷ ಜ್ಯೋತೆಪ್ಪನ ಅಪ್ಪ ಬಾಯಿ ತೆಗೆದ ಕೂಡಲೇ ಇಳಿದು ಅಲ್ಲೇ ಕುಸಿದ. ಅವನ ನಸೀಬ ಎಂದು ಎಲ್ಲರೂ ಅಂದರು. ತಲೆಯ ಮೇಲೆ ಸೆರಗು ಹೊದ್ದ ಹೊಸ ಸೊಸೆ ನಾನು, ಆದರೂ ಹೇಳಿದೆ: ನಸೀಬ ಅಲ್ಲ, ಅವಸರ. ಆವತ್ತಿನಿಂದ ನನ್ನ ಕಟ್ಟಳೆ ನಡೆದಿದೆ. ಬಾಯಿ ತೆಗೆದ ಮೇಲೆ ಒಂದು ಇಡೀ ಹಗಲು ಬಿಡಬೇಕು. ಆಮೇಲೆ ಕಂದೀಲು ಹಚ್ಚಿ ಹಗ್ಗದಿಂದ ಇಳಿಸಬೇಕು. ತಳ ಮುಟ್ಟಿಯೂ ಉರಿಯುತ್ತಿದ್ದರೆ ಮನುಷ್ಯ ಇಳಿಯಬೇಕು, ಆರಿದರೆ ಇಲ್ಲ. ಆಮೇಲೆ ನಮ್ಮ ಹಗೇವಿನಲ್ಲಿ ಒಂದು ಜೀವವೂ ಹೋಗಿಲ್ಲ. ನಸೀಬ ಎಂಬ ಶಬ್ದ ನಮ್ಮ ಮನೆಯಲ್ಲಿ ಯಾರೂ ಆಡಕೂಡದು.

ಶ್ರೀಪಾಲ ಮಾತ್ರ ಬೇರೆ ಶಬ್ದ ಹುಡುಕಿಕೊಂಡಿದ್ದಾನೆ. ಮೂರು ಬೆರಳಿಗೆ ಮೂರು ಉಂಗುರ. ನಾಯಿಯ ಸುದ್ದಿ ಕೇಳಿ ಬೆವತು, "ಆಯಿ, ನಂಗ ಸಾಡೇಸಾತಿ ನಡದೈತಿ. ಹೊಲಾ ಕೊಟ್ಟ ಬಿಡೂಣು" ಅಂದ.

"ಶನಿ ಈಗ ಟಾಟಾ ಸುಮೋದಾಗ ತಿರಗ್ಯಾಡಾಕತ್ತಾನೇನ?" ಅಂದೆ.

ಸೊಸೆ ಅಲಕಾ ಬಾಯಿಗೆ ಸೆರಗು ಹಿಡಿದು ನಕ್ಕಳು. ಒಳ್ಳೆಯ ಹುಡುಗಿ, ನಗು ಮಾತ್ರ ತಡೆಯಲಾರಳು.

೨೭ ಮಾರ್ಚ್, ಶುಕ್ರವಾರ

ಜ್ಯೋತೆಪ್ಪನ ಕಾಲು ಮುರಿದರು. ನಡುಹಗಲಲ್ಲಿ. ಪ್ರತಾಪನ ತಮ್ಮ ರಾವಸಾಬ ನಾಲ್ವರನ್ನು ಕರೆದುಕೊಂಡು ಬಂದು ಹೊಲದ ಗುಡಿಸಲು ಬಿಡು ಅಂದನಂತೆ. ಇವನು ಬಿಡಲಿಲ್ಲ. ಎರಡು ಇಟ್ಟಿಗೆಯ ಮೇಲೆ ಕಾಲು ಇಡಿಸಿ ನಡುವೆ ಹಾರೆಯಿಂದ ಹೊಡೆದಿದ್ದಾರೆ. ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ಬಿಳಿ ಇರುತ್ತದೆ ಅಂದುಕೊಂಡಿದ್ದೆ, ಅದು ಗುಲಾಬಿ.

ಮಿರಜದ ಆಸ್ಪತ್ರೆಗೆ ಒಯ್ದೆವು. ವಾರ್ಡಿನ ತುಂಬ ವಿಜಾಪುರ, ಬಾಗಲಕೋಟೆ ಕಡೆಯ ಮಂದಿ. ಎಲ್ಲರೂ ಕನ್ನಡದಲ್ಲಿ ನರಳುತ್ತಿದ್ದರು. ಒಳಗೆ ಕಬ್ಬಿಣದ ಸಲಾಕೆ ಹಾಕುತ್ತಾರಂತೆ. ಇನ್ನು ಅವನು ಕುಂಟುತ್ತಾನೆ. ಹೊಲದ ಕೆಲಸ ಬಿಡುತ್ತೀಯಾ ಎಂದು ಕೇಳಿದೆ.

"ನಮ್ಮಪ್ಪ ಅಲ್ಲೇ ಹೋಗ್ಯಾನ್ರಿ ತಾಯಿ" ಅಂದ. "ನಾ ಬಿಟ್ಟ ಎಲ್ಲಿ ಹೋಗ್ಲಿ?"

ಠಾಣೆಗೆ ನಾನೇ ಹೋದೆ. ಸಾಹೇಬರು ಚಹಾ ತರಿಸಿದರು. ವಯಸ್ಸಾದವರು ಇಂಥದಕ್ಕೆಲ್ಲ ಯಾಕೆ ಅಲೆಯುತ್ತೀರಿ, ಮಾತಾಡಿ ಮುಗಿಸಿಕೊಳ್ಳಿ ಅಂದರು. ಚಹಾ ಮುಟ್ಟದೆ ಎದ್ದು ಬಂದೆ. ಸರಕಾರ ಮಾಡದಿದ್ದರೆ ನಾವು ಮಾಡಬೇಕು. ಕೈಕಟ್ಟಿ ಕೂತವರಿಗೆ ಯಾವ ದೇವರೂ ಬರುವುದಿಲ್ಲ.

೯ ಏಪ್ರಿಲ್, ಗುರುವಾರ

ಮಹಾವೀರ ಜಯಂತಿ. ಮೆರವಣಿಗೆ ಹೋಗುವ ದಾರಿಯಲ್ಲಿ ಪ್ರತಾಪ ಪೆಂಡಾಲು ಹಾಕಿ ಎಲ್ಲರಿಗೂ ಶರಬತ್ತು ಕೊಡುತ್ತಿದ್ದ. ನಮ್ಮವರೇ ಹಲ್ಲು ಕಿರಿದು ಕುಡಿದರು. ನನ್ನ ಮುಂದೆಯೂ ಗ್ಲಾಸು ಹಿಡಿದ. ಸೋಸಿದ ನೀರೇ ಆಯಿ, ಒಂದು ಹುಳವೂ ಸತ್ತಿಲ್ಲ ಅಂದ. ಪಕ್ಕದಲ್ಲಿ ರಾವಸಾಬ ನಿಂತಿದ್ದ. ಅವನ ಬಲಗೈಯನ್ನೇ ನೋಡಿದೆ. ದಪ್ಪ ಮುಂಗೈ, ಕೂದಲು ತುಂಬಿದ್ದು.

೧೬ ಏಪ್ರಿಲ್, ಗುರುವಾರ

ಯಜಮಾನರ ಕಾಲದಿಂದ ಮಿರಜದ ಒಂದು ಕುಸ್ತಿಯ ತಾಲೀಮಿಗೆ ನಮ್ಮ ಮನೆಯಿಂದ ಬಾದಾಮಿ ಹೋಗುತ್ತದೆ. ಇಷ್ಟು ವರ್ಷದಲ್ಲಿ ಅವರಿಂದ ಏನೂ ಕೇಳಿರಲಿಲ್ಲ. ಈ ಸಲ ಕೇಳಿದೆ. ಜೀವ ತೆಗೆಯಬೇಡಿ, ಕೈ ಸಾಕು ಎಂದು ಸ್ಪಷ್ಟವಾಗಿ ಹೇಳಿದ್ದೆ. ಜೀವಹಿಂಸೆ ನಮ್ಮ ಮನೆಯಿಂದ ಆಗಬಾರದು.

ಸ್ಟೇಷನ್ ರಸ್ತೆಯ ಚಹದ ಅಂಗಡಿಯ ಮುಂದೆ ರಾವಸಾಬ ಸಿಕ್ಕ. ನಾನು ಎದುರಿಗೆ ರಿಕ್ಷಾದಲ್ಲಿ ಕೂತಿದ್ದೆ. ಪೈಲವಾನರು ಮೂವರೇ. ಒಬ್ಬ ಕುತ್ತಿಗೆ ಹಿಡಿದು ಬೆಂಚಿನ ಮೇಲೆ ಮಲಗಿಸಿದ, ಒಬ್ಬ ಬೆನ್ನ ಮೇಲೆ ಮೊಳಕಾಲು ಊರಿದ, ಮೂರನೆಯವನು ಬಲಗೈಯನ್ನು ಬೆಂಚಿನ ಅಂಚಿಗೆ ಹಿಡಿದು ಕೆಳಗೆ ಒತ್ತಿದ. ಮಾರ್ಕೆಟಿನಲ್ಲಿ ಅರಿಷಿಣ ಒಣಗಿದೆಯೇ ಎಂದು ನೋಡಲು ಕೊಂಬು ಮುರಿದು ಸದ್ದು ಕೇಳುತ್ತೇವೆ. ಚೆನ್ನಾಗಿ ಒಣಗಿದ್ದರೆ ಒಂದೇ ಸದ್ದು, ಟಣ್ ಎಂದು. ಹಾಗೇ ಕೇಳಿಸಿತು. ಆಮೇಲೆ ಅವನು ಕೂಗಿದ. ರಿಕ್ಷಾದವನು ಹೋಗೋಣವೇ ಎಂದು ಎರಡು ಸಲ ಕೇಳಿದ. ಸ್ವಲ್ಪ ನಿಲ್ಲು ಎಂದೆ.

೧೭ ಏಪ್ರಿಲ್, ಶುಕ್ರವಾರ

ಎಷ್ಟೋ ದಿನಗಳ ಮೇಲೆ ಒಳ್ಳೆಯ ನಿದ್ದೆ. ಬೆಳಗಿನ ಊಟದಲ್ಲಿ ಚಪಾತಿ ಕೇಳಿ ಹಾಕಿಸಿಕೊಂಡೆ. ಅಲಕಾ ನನ್ನನ್ನೇ ನೋಡುತ್ತಿದ್ದಳು. ನಗಲಿಲ್ಲ.

೨೪ ಏಪ್ರಿಲ್, ಶುಕ್ರವಾರ

ಶ್ರೀಪಾಲನನ್ನು ಮಾರ್ಕೆಟ್ ಯಾರ್ಡಿನಲ್ಲಿ ಹೊಡೆದರು. ಹರಾಜಿನ ಸವಾಲು ನಡೆದಿತ್ತು, ಊರೆಲ್ಲ ಸೇರಿತ್ತು. ಅರಿಷಿಣದ ರಾಶಿಯ ಮೇಲೆ ಕೆಡವಿ ಬೂಟುಗಾಲಿನಿಂದ ತುಳಿದರು. ಕಬ್ಬಿಣದ ತಕ್ಕಡಿಕಲ್ಲಿನಿಂದ ಕಿವಿಯ ಮೇಲೆ ಹೊಡೆದರು. ಯಾವ ವ್ಯಾಪಾರಿಯೂ ಮುಂದೆ ಬರಲಿಲ್ಲ. ಮನೆಗೆ ತಂದಾಗ ಮುಖವೆಲ್ಲ ಹಳದಿ, ಅದರಲ್ಲಿ ರಕ್ತದ ಗೆರೆಗಳು, ಮದುವಣಿಗನ ಮುಖದಂತೆ. ಮೂರು ಹಲ್ಲು ಹೋಗಿವೆ. ಎಡಗಿವಿ ಇನ್ನು ಕೇಳುವುದಿಲ್ಲ ಎಂದು ಡಾಕ್ಟರು ಹೇಳಿದರು.

ಅದೇ ಸಂಜೆ ಪ್ರತಾಪನ ಸುಮೋ ಸೋನಲಳ ಹಿಂದೆ ಟ್ಯೂಷನ್ನಿನಿಂದ ಮನೆಯ ಓಣಿಯವರೆಗೆ ನಿಧಾನವಾಗಿ ಬಂತಂತೆ. ಯಾರೂ ಇಳಿಯಲಿಲ್ಲ, ಏನೂ ಅನ್ನಲಿಲ್ಲ. ಹುಡುಗಿ ಆಜಿ ಆಜಿ ಎಂದು ನನ್ನ ಮಡಿಲಲ್ಲಿ ತಲೆ ಹುದುಗಿಸಿದಳು.

ಶ್ರೀಪಾಲ ಊದಿದ ತುಟಿಯಲ್ಲಿ, "ನನ್ನ ಹಣ್ಯಾಗ ಬರದದ್ದ ಇದು, ಆಯಿ" ಅಂದ.

ಹೊಡೆದೆ. ಊದಿದ ಕೆನ್ನೆಗೇ ಹೊಡೆದೆ. ಹಣೆಯಲ್ಲಿ ಬರೆದದ್ದು ಎಂದು ಮಲಗುವ ಗಂಡಸು ನನ್ನ ಹೊಟ್ಟೆಯಲ್ಲಿ ಹುಟ್ಟಿಲ್ಲ ಅಂದೆ. ಅಲಕಾ ನಡುವೆ ಬಂದು ನನ್ನ ಕೈ ಹಿಡಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಕೈ ಹಿಡಿದಿದ್ದಾಳೆ.

"ಆಯಿ, ರಾವಸಾಬನ ಕೈ ಮುರಿಸಿದವರು ನೀವು. ಅದು ಬಂದು ಇವರ ಮೈಮ್ಯಾಲ ಬಿತ್ತು."

ರಾವಸಾಬನ ಕೈ ಅವನು ಮಾಡಿದ ಕರ್ಮ, ಅದು ಉದಯಕ್ಕೆ ಬಂತು, ನಾನು ನೆಪ ಮಾತ್ರ ಎಂದೆ. ಅವಳು ನನ್ನ ಕೈ ಬಿಟ್ಟು ಗಂಡನ ಕೆನ್ನೆಗೆ ಒದ್ದೆ ಬಟ್ಟೆ ಒತ್ತಿದಳು.

೨ ಮೇ, ಶನಿವಾರ

ಪ್ರತಾಪನನ್ನು ಮನೆಗೆ ಕರೆಸಿದೆ. ಈ ಸಲ ಕೂರು ಅಂದೆ. ಹೊಲ ಕೊಡುವುದಿಲ್ಲ, ಆದರೆ ಮೂರನೆಯ ಹಗೇವಿನ ಮಾಲು ಪೂರ್ತಿ ನಿನ್ನದು, ಎತ್ತಿಕೊಂಡು ಹೋಗು, ಮಗನನ್ನೂ ಮೊಮ್ಮಗಳನ್ನೂ ಬಿಡು ಎಂದೆ. ಅವನ ಕಣ್ಣು ಹೊಳೆದವು. ಈಗ ಮಾಲು, ಮಳೆಗಾಲ ಮುಗಿದ ಮೇಲೆ ಹೊಲ ಎಂದು ಅವನು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದು ಮುಖದ ಮೇಲೆಯೇ ಕಾಣಿಸುತ್ತಿತ್ತು.

ಎರಡು ಮಾತು ಹಾಕಿದೆ. ಒಂದು, ನನ್ನ ಆಳುಗಳು ಮುಟ್ಟುವುದಿಲ್ಲ, ಅವನ ಮಂದಿಯೇ ಬಾಯಿ ತೆಗೆಯಬೇಕು. ಇನ್ನೊಂದು, ತೆಗೆದ ದಿನವೇ ಹೊತ್ತು ಮುಳುಗುವ ಮೊದಲು ಮಾಲು ಎತ್ತಬೇಕು, ಮರುದಿನಕ್ಕೆ ಉಳಿದದ್ದು ನನ್ನದು. ಒಪ್ಪಿದ. ಮುದುಕಿ ಕಲ್ಲು ತುಂಬಿಟ್ಟಿರಬಹುದು, ಮೊದಲು ನಾನೇ ಇಳಿದು ನೋಡುತ್ತೇನೆ ಎಂದು ನಕ್ಕ. ಇಳಿ, ನೋಡು ಎಂದೆ.

ಬೆಲೆ ಬರಲಿ ಎಂದು ನಾನು ಹಟ ಹಿಡಿದು ಇಟ್ಟ ಮಾಲು ಅದು. ಮೂರನೆಯ ಹಗೇವು ಎರಡು ಮಳೆಗಾಲ ಕಂಡಿದೆ. ಅದರ ಬಾಯಿ ತೆಗೆದೇ ಇಲ್ಲ.

೧೭ ಮೇ, ರವಿವಾರ

ನಾಳೆ ತೆಗೆಯುತ್ತಾರೆ.

ಜ್ಯೋತೆಪ್ಪ ಸಲಗರೆಯ ತನ್ನ ಮನೆಯಿಂದ ಹೇಳಿ ಕಳಿಸಿದ್ದ, ಕೋಲು ಊರಿಕೊಂಡಾದರೂ ಬರುತ್ತೇನೆ, ಮೂರನೆಯದು ಬಹಳ ದಿನದ್ದು, ಗಾಳಿ ಕೆಟ್ಟಿರುತ್ತದೆ ಎಂದು. ಬರಬೇಡ, ಕಾಲು ನೋಡಿಕೋ ಎಂದು ಹೇಳಿ ಕಳಿಸಿದೆ.

ಕಂದೀಲಿನ ಗಾಜು ಬಿರುಕು ಬಿಟ್ಟಿದೆ. ರಿಪೇರಿಗೆ ಕಳಿಸಿದೆ. ಒಂದು ವಾರವಾದರೂ ರಿಪೇರಿಯವನ ಅಂಗಡಿಯಲ್ಲೇ ಇರಲಿ, ಅವಸರ ಇಲ್ಲ ಎಂದು ಹೇಳಿಸಿದೆ. ಅಲಕಾ ಕಂದೀಲಿನ ಬರಿದಾದ ಮೊಳೆ ನೋಡಿ, "ನಾಳೆ ಹಗೇವ ತಗೀತಾರ, ಕಂದೀಲ ಬ್ಯಾಡೇನ್ರಿ?" ಅಂದಳು. ತೆಗೆಯುವವರು ಅವರು, ಕಂದೀಲು ತರುವುದೂ ಅವರ ಕೆಲಸ ಅಂದೆ.

ನೀರು ಸೋಸುವ ಬಟ್ಟೆ ಹಳತಾಗಿತ್ತು, ಹೊಸದು ಹಾಕಿದೆ. ಸಾಮಾಯಿಕದ ಧ್ಯಾನಕ್ಕೆ ಕೂತೆ. ಮನಸ್ಸು ಬಹಳ ಶಾಂತವಾಗಿತ್ತು.

೧೮ ಮೇ, ಸೋಮವಾರ

ಇವತ್ತು ಬರೆಯುವುದಿಲ್ಲ.

೨೧ ಮೇ, ಗುರುವಾರ. ಮಿರಜ, ಆಸ್ಪತ್ರೆ

ಶ್ರೀಪಾಲ ಇನ್ನೂ ಕಣ್ಣು ತೆರೆದಿಲ್ಲ. ಬಾಯಿಯಲ್ಲಿ ನಳಿಕೆ. ನಾನು ಗಾಜಿನ ಈಚೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಡೆದದ್ದನ್ನು ಸರಿಯಾಗಿ ಬರೆದಿಡಬೇಕು. ಜನ ಏನೇನೋ ಹೇಳುತ್ತಿದ್ದಾರೆ.

ಪ್ರತಾಪ ಸೋಮವಾರ ಬೆಳಿಗ್ಗೆ ಸುಮೋದಲ್ಲಿ ಬಂದ, ಹಿಂದೆ ಎರಡು ಟ್ರಕ್ಕು. ಜೊತೆಗೆ ರಾವಸಾಬ, ಬಲಗೈಗೆ ಇನ್ನೂ ಪ್ಲಾಸ್ಟರು. ಅವನು ನನ್ನ ಕಡೆ ನೋಡಲಿಲ್ಲ. ನಾನು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತೆ. ಮಣ್ಣು ಕೆದರಿದರು, ಹಾರೆ ಹಾಕಿ ಕಲ್ಲು ಉರುಳಿಸಿದರು. ಬಾಯಿಯಿಂದ ಬಿಸಿ ಎದ್ದಿತು, ಹುಳಿ ವಾಸನೆ. ಪ್ರತಾಪ ಬಗ್ಗಿ ನೋಡಿ ಕರವಸ್ತ್ರ ಮೂಗಿಗೆ ಹಿಡಿದು ಹಿಂದೆ ಸರಿದ. ತಾನೇ ಇಳಿಯುತ್ತೇನೆ ಅಂದವನು ಟ್ರಕ್ಕಿನಿಂದ ಒಬ್ಬ ಕೂಲಿಯವನನ್ನು ಕರೆದ.

ಗುರಲಿಂಗ ಅವನ ಹೆಸರು. ಇಂಡಿ ಕಡೆಯವನು. ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದವನು. ಅವತ್ತು ಬೆಳಿಗ್ಗೆಯೇ ಕೂಲಿಯವರು ಸೇರುವ ನಾಕಾದಲ್ಲಿ ನಿಂತಿದ್ದವನನ್ನು ಕರೆತಂದಿದ್ದರು. ಅವನಿಗೆ ಹಗೇವು ಅಂದರೆ ಏನು ಎಂದು ಗೊತ್ತಿರಲಿಲ್ಲ. ಅಂಚಿಗೆ ಬಂದು ಒಳಗೆ ನೋಡಿ ನಿಂತ. ಮುಂದೆ ಹೋಗಲಿಲ್ಲ. ಪ್ರತಾಪ ಅವನ ಕುತ್ತಿಗೆಗೆ ಕೈ ಹಾಕಿ ಬಗ್ಗಿಸಿದ, ಹಿಂದಿನಿಂದ ಒದ್ದ. ಅವನು ನೆಲಕ್ಕೆ ಕೈಯೂರಿ ಎದ್ದು ನನ್ನ ಕಡೆ ನೋಡಿದ. ಪ್ರತಾಪನ ಕಡೆ ಅಲ್ಲ, ನನ್ನ ಕಡೆ.

"ಅವ್ವಾರ, ಇದು ನಿಮ್ಮದಂತ. ಇಳೀಲೇನ್ರಿ?"

ಎಲ್ಲರೂ ನನ್ನನ್ನು ನೋಡಿದರು.

"ನಾ ಏನ ಹೇಳ್ಲಿಪಾ" ಅಂದೆ. "ನಿನ್ನ ನಸೀಬದಾಗ ಇದ್ದಂಗ ಆಕ್ಕೈತಿ."

ಅವನು ಚಪ್ಪಲಿ ಬಿಟ್ಟು, ಹಗೇವಿಗೆ ಕೈಮುಗಿದು ಹಗ್ಗ ಹಿಡಿದು ಇಳಿದ. ತಲೆ ಬಾಯಿಯ ಕೆಳಗೆ ಹೋದ ಮೇಲೆ ಒಂದು ಸಲ ಕೆಮ್ಮಿದ. ಆಮೇಲೆ ಚೀಲ ಬಿದ್ದ ಹಾಗೆ ಸದ್ದು. ಹಗ್ಗ ಸಡಿಲವಾಯಿತು. ಪ್ರತಾಪ ಏಳು ಏಳು ಎಂದು ಬೈಯುತ್ತ ಮೇಲಿನಿಂದ ಕಲ್ಲು ಎಸೆದ. ಒಳಗಿನಿಂದ ಗೊರ ಗೊರ ಎಂದು ಉಸಿರು ಕೇಳುತ್ತಿತ್ತು. ಆಮೇಲೆ ಪ್ರತಾಪನಿಗೆ ತಿಳಿಯಿತು. ಸುಮೋ ಹತ್ತಿ ಓಡಿದ. ಹಿಂದೆ ತಿರುಗಿಸುವಾಗ ತನ್ನದೇ ಆಳು ಒಬ್ಬನ ಪಾದದ ಮೇಲೆ ಗಾಲಿ ಹತ್ತಿಸಿಕೊಂಡೇ ಹೋದ.

ಆಗ ಸ್ಕೂಟರ್ ಬಂತು. ಶ್ರೀಪಾಲನಿಗೆ ಮನೆಯಲ್ಲೇ ಇರು ಎಂದು ಹೇಳಿದ್ದೆ. ಅಲಕಾ ಬರಿದಾದ ಮೊಳೆಯ ಮಾತು ಅವನಿಗೆ ಹೇಳಿದಳಂತೆ. ಕೇಳಿದ ಕೂಡಲೇ ಅವಳನ್ನೂ ಹಿಂದೆ ಕೂರಿಸಿಕೊಂಡು ಬಂದಿದ್ದ. ಬೇವಿನ ದೊಡ್ಡ ಟೊಂಗೆ ಮುರಿದು ಹಗ್ಗಕ್ಕೆ ಕಟ್ಟಿ ಹಗೇವಿನಲ್ಲಿ ಮೇಲೆ ಕೆಳಗೆ ಜಗ್ಗಾಡಿದ. ಕೆಟ್ಟ ಗಾಳಿ ಕಲಕಿ ಮೇಲೆ ಬರಲಿ ಎಂದು ಹಾಗೆ ಮಾಡಬೇಕು ಎಂದು ಅವನಿಗೆ ಚಿಕ್ಕವನಿದ್ದಾಗ ನಾನೇ ಕಲಿಸಿದ್ದೆ. ಅಲಕಾ ಕೊಡಗಟ್ಟಲೆ ನೀರು ತಂದು ಸುರಿದಳು. ಒಳಗಿನ ಉಸಿರಿನ ಸದ್ದು ಸಣ್ಣದಾಗುತ್ತಿತ್ತು. ಶ್ರೀಪಾಲ ಅಂಗಿ ಒದ್ದೆ ಮಾಡಿ ಮುಖಕ್ಕೆ ಕಟ್ಟಿಕೊಂಡ. ಸೊಂಟಕ್ಕೆ ಹಗ್ಗ ಬಿಗಿದುಕೊಂಡ.

ಆಗ ನಾನು ಎದ್ದು ಓಡಿದೆ. ಅವನ ಉಂಗುರದ ಕೈ ಹಿಡಿದೆ.

"ಬ್ಯಾಡೋ ಶ್ರೀಪಾಲ. ಅಂವಾ ನಮ್ಮಾಂವಲ್ಲ. ಅಂವಂದು ಅಷ್ಟಽ ಇತ್ತ."

"ಅಷ್ಟಽ ಇತ್ತ ಅಂತ ಯಾರ ಅಂದ್ರ ನೀನಽ ಹೊಡೀತಿದ್ದಿ, ಆಯಿ" ಅಂದ. ಕೈ ಬಿಡಿಸಿಕೊಂಡು ಇಳಿದ.

ಹಗ್ಗದ ತುದಿ ಹಿಡಿದವರು ಅಲಕಾ, ಇಬ್ಬರು ಟ್ರಕ್ಕಿನವರು ಮತ್ತು ರಾವಸಾಬ. ಅವನು ಓಡಿಹೋಗಿರಲಿಲ್ಲ. ಪ್ಲಾಸ್ಟರಿನ ಕೈಗೆ ಹಗ್ಗ ಸುತ್ತಿಕೊಂಡು ಹಲ್ಲು ಕಚ್ಚಿ ಎಳೆಯುತ್ತಿದ್ದ. ಪ್ಲಾಸ್ಟರು ಒಡೆದು ಚೂರು ಉದುರುತ್ತಿತ್ತು. ನನಗೆ ಹಿಡಿಯಲು ಹಗ್ಗ ಸಿಗಲಿಲ್ಲ.

ಶ್ರೀಪಾಲ ತನ್ನ ಸೊಂಟದ ಹಗ್ಗ ಬಿಚ್ಚಿ ಗುರಲಿಂಗನಿಗೆ ಕಟ್ಟಿದ್ದಾನೆ. ಮೊದಲು ಮೇಲೆ ಬಂದದ್ದು ಗುರಲಿಂಗ. ತುಟಿ ನೀಲಿ, ಹಣೆ ಕಲ್ಲಿನೇಟಿಗೆ ಒಡೆದಿತ್ತು, ಬಾಯಿಯ ತುಂಬ ಅರಿಷಿಣದ ಪುಡಿ. ಅಲಕಾ ಎದೆ ಒತ್ತಿದಳು, ಮತ್ತೆ ಮತ್ತೆ ಒತ್ತಿದಳು. ಜೀವ ಹೋಗಿತ್ತು. ಮತ್ತೆ ಹಗ್ಗ ಬಿಟ್ಟಾಗ ಕೆಳಗಿನಿಂದ ಯಾರೂ ಹಿಡಿಯಲಿಲ್ಲ. ರಾವಸಾಬ ಕೊಕ್ಕೆ ಕಟ್ಟಿ ಇಳಿಬಿಟ್ಟು, ಹೊಟ್ಟೆಯ ಮೇಲೆ ಮಲಗಿ, ಶ್ರೀಪಾಲನ ಚಡ್ಡಿಯ ಪಟ್ಟಿಗೆ ಸಿಕ್ಕಿಸಿ ಎತ್ತಿದ. ಕೊಕ್ಕೆ ಸೊಂಟದ ಮಾಂಸವನ್ನೂ ಹಿಡಿದುಕೊಂಡು ಬಂತು.

ಪೊಲೀಸರಿಗೆ ಇದ್ದದ್ದನ್ನು ಹೇಳಿದೆ. ಪ್ರತಾಪ ಒದ್ದು ಇಳಿಸಿದ. ಅದು ಸುಳ್ಳಲ್ಲ.

ಡಾಕ್ಟರು ಬಂದು, ನಮ್ಮ ಕೈಲಾದದ್ದು ಮಾಡಿದ್ದೇವೆ, ಮುಂದಿನದು ದೇವರ ಕೈಯಲ್ಲಿ ಅಂದರು. ಹೌದು ಎಂದು ತಲೆಯಾಡಿಸಿದೆ. ಎಲ್ಲ ಅವರವರ ಕರ್ಮ.

೨೪ ಮೇ, ರವಿವಾರ

ಶ್ರೀಪಾಲ ಕಣ್ಣು ತೆರೆದ. ನಳಿಕೆ ತೆಗೆದಿದ್ದಾರೆ. ಕೈಗಳೆರಡೂ ನಡುಗುತ್ತವೆ, ಹೀಗೇ ಉಳಿಯಬಹುದು ಎನ್ನುತ್ತಾರೆ. ದನಿ ಹೊರಟ ಮೇಲೆ ಮೊದಲ ಮಾತು:

"ಕಂದೀಲ ಎಲ್ಲಿತ್ತ, ಆಯಿ?"

"ರಿಪೇರಿಗೆ ಹೋಗಿತ್ತು. ಮಾತಾಡಬ್ಯಾಡ, ದಣೀತಿ" ಅಂದೆ.

ಅವನು ಹೊರಳಿ ಮಲಗಿದ. ಎಡಗಿವಿ ನನ್ನ ಕಡೆ ಬಂತು. ಆ ಕಿವಿ ಕೇಳುವುದಿಲ್ಲ ಎಂಬುದು ಅವನಿಗೆ ಮರೆತಿರಬೇಕು. ಆದರೂ ನಾನು ತೀರ್ಥಂಕರರ ಹೆಸರು ಹೇಳುತ್ತ ಕೂತೆ.

೬ ಜೂನ್, ಶನಿವಾರ

ಹೊಲ ಉಳಿಯಿತು. ಮನುಷ್ಯ ಸತ್ತ ಹಗೇವಿನ ನೆಲದಲ್ಲಿ ಮನೆ ಕಟ್ಟಲು ಯಾರೂ ಪ್ಲಾಟು ಕೊಳ್ಳುವುದಿಲ್ಲವಂತೆ. ಪ್ರತಾಪ ಸಿಕ್ಕಿಬಿದ್ದಿದ್ದಾನೆ. ಗುರಲಿಂಗನ ಹೆಂಡತಿ ರುಕ್ಮವ್ವನಿಗೆ ನಮ್ಮ ಹೊಲದಲ್ಲಿ ಕಳೆ ತೆಗೆಯುವ ಕೆಲಸ ಕೊಡುತ್ತೇನೆ ಎಂದು ಹೇಳಿ ಕಳಿಸಿದ್ದೆ. ಬಂದಳು. ಅಂಗಳದಲ್ಲಿ ನಿಂತಳು. ಕೂರು ಅಂದರೆ ಕೂರಲಿಲ್ಲ. ನೀರು ಕೊಟ್ಟರೆ ಕುಡಿಯಲಿಲ್ಲ.

"ನಿಮ್ಮನ್ನ ಕೇಳಿ ಇಳದಾನಂತಲ್ರಿ" ಅಂದಳು. ಅಷ್ಟೇ ಅಂದು ಹೋದಳು. ಕೆಲಸ ಬೇಕೋ ಬೇಡವೋ ಹೇಳಲಿಲ್ಲ. ಇಂಥ ಮಂದಿಗೆ ಉಪಕಾರ ತಿಳಿಯುವುದಿಲ್ಲ.

ರಿಪೇರಿಯವನು ಕಂದೀಲು ತಂದು ಕೊಟ್ಟ. ಗಾಜು ಬಿರುಕು ಬಿಟ್ಟಿಲ್ಲ, ಏನೂ ಕೆಟ್ಟಿಲ್ಲ, ಸುಮ್ಮನೆ ಯಾಕೆ ಕಳಿಸಿದ್ದರು ಎಂದು ಅಲಕಾಳ ಮುಂದೆ ಹೇಳಿದನಂತೆ. ಅವನಿಗೆ ಕಣ್ಣು ಸರಿ ಇಲ್ಲ. ಅಲಕಾ ಕಂದೀಲನ್ನು ಮೊಳೆಗೆ ಹಾಕಲಿಲ್ಲ. ತನ್ನ ಕೋಣೆಗೆ ಒಯ್ದು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಇನ್ನು ಹಗೇವು ತೆಗೆಸಬೇಕಾದರೆ ನಾನು ಸೊಸೆಯ ಹತ್ತಿರ ಕೇಳಬೇಕು. ಮನೆಯ ಪದ್ಧತಿ ಹೀಗೆ ಕೆಡುತ್ತದೆ.

೭ ಸೆಪ್ಟೆಂಬರ್, ಸೋಮವಾರ

ಕ್ಷಮಾವಣಿ. ಹತ್ತು ದಿನದ ಪರ್ವ ಮುಗಿಯಿತು. ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನ. ಬಸದಿಯಲ್ಲಿ ನಾನು ಹೋದ ಕೂಡಲೇ ಹೆಂಗಸರು ಸರಿದು ಜಾಗ ಬಿಟ್ಟರು. ಎರಡು ಕಡೆಯೂ ಬಹಳ ಜಾಗ ಬಿಟ್ಟರು. ಮೊದಲು ಇಷ್ಟು ಗೌರವ ಇರಲಿಲ್ಲ. ಮುನಿಮಹಾರಾಜರು ಕರ್ಮದ ವಿಷಯ ಹೇಳಿದರು: ಬಂದದ್ದನ್ನು ಯಾರೂ ತಪ್ಪಿಸಲಾರರು, ಆದರೆ ಬರುವುದನ್ನು ಕಟ್ಟಿಕೊಳ್ಳುವವರು ನಾವೇ. ಮೊದಲರ್ಧ ಬಹಳ ಚೆನ್ನಾಗಿತ್ತು.

ಮನೆಯಲ್ಲಿ ಸೋನಲ ಬಂದು ಕಾಲು ಮುಟ್ಟಿದಳು. ಅಲಕಾ ದೂರದಿಂದಲೇ ಕೈಮುಗಿದಳು. ಜ್ಯೋತೆಪ್ಪನೂ ಕೋಲು ಊರಿಕೊಂಡು ಬಂದಿದ್ದ, ಅವನು ನಮ್ಮವನಲ್ಲದಿದ್ದರೂ ಪ್ರತಿ ವರ್ಷ ಬರುತ್ತಾನೆ. ಈ ಸಲ ಶ್ರೀಪಾಲನ ಹತ್ತಿರ ಹೋಗಿ ಕೂತ, ನನ್ನ ಹತ್ತಿರ ಆಮೇಲೆ ಬಂದ.

ಕೊನೆಗೆ ಶ್ರೀಪಾಲ ಬಂದ. ಅವನ ಬೆರಳಲ್ಲಿ ಉಂಗುರಗಳಿಲ್ಲ. ಎಂದು ತೆಗೆದನೋ ನಾನು ನೋಡಿಯೇ ಇರಲಿಲ್ಲ. ನನ್ನ ಮುಂದೆ ನಿಂತು ಕೈ ಜೋಡಿಸಿದ.

"ಆಯಿ, ನನ್ನಿಂದ ಏನರ ತಪ್ಪಾಗಿದ್ದರ ಕ್ಷಮಾ ಮಾಡು."

ಪದ್ಧತಿಯಂತೆ ನಾನೂ ಕೈಮುಗಿದು, "ನಂದೂ ಏನರ ತಪ್ಪಿದ್ದರ ಕ್ಷಮಾ ಇರ್ಲಿ" ಅಂದೆ. ಅಲ್ಲಿಗೆ ಮುಗಿಯಬೇಕು. ಪ್ರತಿ ವರ್ಷ ಅಲ್ಲಿಗೇ ಮುಗಿಯುತ್ತದೆ.

ಅವನು ಹೋಗಲಿಲ್ಲ. ತಲೆ ತಿರುಗಿಸಿ ಬಲಗಿವಿಯನ್ನು ನನ್ನ ಕಡೆ ಮಾಡಿ ನಿಂತ. ಜೋಡಿಸಿದ ಕೈಗಳು ನಡುಗುತ್ತಿದ್ದವು. ಇಳಿಸಲಿಲ್ಲ. ಅಲಕಾ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಜ್ಯೋತೆಪ್ಪ ನೆಲ ನೋಡುತ್ತಿದ್ದ.

"ಇನ್ನೇನ?" ಅಂದೆ.

ಯಾತಕ್ಕೆ ಕಾಯುತ್ತಿದ್ದನೋ ತಿಳಿಯಲಿಲ್ಲ. ಹೊತ್ತು ಮುಳುಗಲು ಬಂದಿತ್ತು, ಮುಳುಗಿದ ಮೇಲೆ ನಾವು ಉಣ್ಣುವಂತಿಲ್ಲ, ನಾನು ಊಟಕ್ಕೆ ಕೂತೆ. ಅವನು ಇನ್ನೂ ಹಾಗೇ ನಿಂತಿದ್ದ.